ಬೆಳ್ಳಿತೆರೆಯ ಹಿಂದೆ: ಚಿತ್ರನಿರ್ಮಾಣ, ಅಪಘಾತ ಮತ್ತು ವಿಮೆ

1982ರ ಜುಲೈ ತಿಂಗಳ ಕೊನೆಯ ವಾರದಲ್ಲಿ ಮುಂಬಯಿಯ ಕನ್ನಡಿಗರಾದ ನಮಗೆ ಹೋದಲ್ಲೆಲ್ಲ ಒಂದೇ ಪ್ರಶ್ನೆ ಎದುರಾಗುತ್ತಿತ್ತು. ಲೋಕಲ್ ಗಾಡಿಯಲ್ಲಿ, ಕಚೇರಿಯಲ್ಲಿ, ಹಾಲಿನ ಬೂತಿನ ಸಾಲಿನಲ್ಲಿ ಕೂಡ, "ನಿಮ್ಮ ಬೆಂಗಳೂರಿನಲ್ಲಿ ಏನಾಯಿತು?" ಎಂದು ಜನ ನಮ್ಮನ್ನೇ ಹಿಡಿದು ಕೇಳುತ್ತಿದ್ದರು. ಅಮಿತಾಭ್ ಬಚ್ಚನರ ಹೊಟ್ಟೆಗೆ ನಾವೇ ಗುದ್ದಿದ್ದೆವೋ ಎಂಬಂತಿರುತ್ತಿತ್ತು ಅವರ ಧಾಟಿ!

ಆದದ್ದು ಇಷ್ಟು. ಮನಮೋಹನ ದೇಸಾಯಿಯವರ 'ಕೂಲಿ' ಚಿತ್ರದ ಹೊಡೆದಾಟದ ದೃಶ್ಯವೊಂದನ್ನು ಜುಲೈ 26ರಂದು ಬೆಂಗಳೂರು ವಿಶ್ವವಿದ್ಯಾನಿಲಯದ ಆವರಣದಲ್ಲಿ ತೆಗೆಯುತ್ತಿದ್ದರು. ಎದುರಾಳಿ ಪುನೀತ್ ಇಸ್ಸರ್. ಪೆಟ್ಟು ತಿಂದ ನಾಯಕ ಮೇಜಿನ ಮೇಲೆ ಬಿದ್ದು ಅಲ್ಲಿಂದ ನೆಲಕ್ಕೆ ಉರುಳಬೇಕು. ಲೆಕ್ಕ ಸ್ವಲ್ಪ ತಪ್ಪಿತು; ಮೇಜಿನ ಮೂಲೆ ಹೊಟ್ಟೆಗೆ ಬಡಿಯಿತು. ಹೊರಗೆ ಗಾಯವಿಲ್ಲ, ಒಳಗೆ ಪ್ರಾಣಾಂತಿಕ ಪೆಟ್ಟು. ಮೊದಲು ಬೆಂಗಳೂರಿನ ಆಸ್ಪತ್ರೆ, ಆಮೇಲೆ ವಿಮಾನದಲ್ಲಿ ಮುಂಬಯಿಯ ಬ್ರೀಚ್ ಕ್ಯಾಂಡಿ. ಆಸ್ಪತ್ರೆಯ ಹೊರಗೆ ನೆರೆದ ಜನಸಾಗರವನ್ನು ನಮ್ಮಲ್ಲಿ ಹಲವರು ಕಣ್ಣಾರೆ ಕಂಡವರು. ಸೆಪ್ಟೆಂಬರ್ 24ರಂದು ಅವರು ಮನೆಗೆ ಮರಳುವವರೆಗೆ ಈ ನಗರ ಬೇರೆ ಮಾತನ್ನೇ ಆಡಲಿಲ್ಲವೆನ್ನಬಹುದು. ಸುಮಾರು 200 ಮಂದಿಯ ರಕ್ತ ಅವರ ಮೈಸೇರಿತ್ತು. ಅದರಲ್ಲೊಬ್ಬರ ರಕ್ತದಿಂದ ಹೆಪಟೈಟಿಸ್-ಬಿ ತಗುಲಿ ಯಕೃತ್ತಿನ ಬಹುಭಾಗವನ್ನು ತಿಂದುಹಾಕಿತ್ತೆಂಬುದು ಅನೇಕ ವರ್ಷಗಳ ಮೇಲೆ ತಿಳಿಯಿತೆಂದು ಅವರೇ ಹೇಳಿಕೊಂಡಿದ್ದಾರೆ. 1983ರಲ್ಲಿ ತೆರೆಕಂಡ ಚಿತ್ರದಲ್ಲಿ ಆ ಪೆಟ್ಟು ಬಿದ್ದ ಕ್ಷಣವನ್ನು ಸ್ತಬ್ಧಗೊಳಿಸಿ, ಅಕ್ಷರಗಳಲ್ಲಿ ಸೂಚಿಸಿ ತೋರಿಸಿದರು. ಸಾಯಬೇಕಾಗಿದ್ದ ನಾಯಕ ಕೊನೆಯಲ್ಲಿ ಬದುಕಿ ಉಳಿದ. ಜನ ಚಪ್ಪಾಳೆ ತಟ್ಟಿದರು.

ಆಗ ನಮ್ಮ ಸಂಘದ ಇಸ್ಪೀಟಿನ ಮೇಜಿನ ಸುತ್ತ ಕೂರುತ್ತಿದ್ದವರಲ್ಲಿ ವಿಮಾ ಕಚೇರಿಯ ಹಿರಿಯರೊಬ್ಬರಿದ್ದರು. ನಾವೆಲ್ಲ ಹರಕೆ, ಪೂಜೆ, ಜಾತಕದ ಮಾತಾಡುತ್ತಿದ್ದರೆ ರಾಯರು ಮಾತ್ರ, "ಪ್ರೀಮಿಯಂ ಕಟ್ಟಿಸಿಕೊಳ್ಳುವ ಮುಂಚೆ ನಾನಾಗಿದ್ದರೆ ಆ ಮೇಜನ್ನು ನೋಡಬೇಕು ಅಂತಿದ್ದೆ ಕಣ್ರಯ್ಯ" ಎಂದರು. ನಾವು ನಕ್ಕೆವು. ಸಿನಿಮಾಕ್ಕೂ ವಿಮೆಗೂ ಎಲ್ಲಿಯ ಸಂಬಂಧ ಎಂದುಕೊಂಡಿದ್ದೆವು. ಆದರೆ ಸಂಬಂಧ ಬಹಳ ಹಳೆಯದು, ನಮ್ಮ ದೇಶಕ್ಕೆ ಬಂದದ್ದು ಮಾತ್ರ ಬಹಳ ತಡವಾಗಿ. ಆ ತಡದ ಬೆಲೆಯನ್ನು ಯಾರು ತೆತ್ತರೆಂಬುದೇ ಈ ಲೇಖನದ ವಿಷಯ.

ಸಿನಿಮಾ ಹುಟ್ಟಿದಾಗಲೇ ಬೆಂಕಿಯೂ ಜತೆಯಲ್ಲಿತ್ತು. ಹಳೆಯ ಕಾಲದ ಫಿಲ್ಮು ಸೆಲ್ಯುಲೋಸ್ ನೈಟ್ರೇಟ್ ಎಂಬ ಪದಾರ್ಥದ್ದು. ಸಿಡಿಮದ್ದಿನ ಹತ್ತಿರದ ನೆಂಟ. ಒಮ್ಮೆ ಹತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಉರಿಯುವಂಥದು. 1897ರ ಮೇ 4ರಂದು ಪ್ಯಾರಿಸ್ಸಿನಲ್ಲಿ ಶ್ರೀಮಂತರ ಧರ್ಮಾರ್ಥ ಸಂತೆಯೊಂದರಲ್ಲಿ ಚಲಚ್ಚಿತ್ರ ಯಂತ್ರದ ಈಥರ್ ದೀಪದಿಂದ ಹೊತ್ತಿದ ಬೆಂಕಿಗೆ 126 ಮಂದಿ ಬಲಿಯಾದರು. ಚಲಚ್ಚಿತ್ರಕ್ಕೆ ಆಗ ಇನ್ನೂ ಎರಡು ವರ್ಷವೂ ತುಂಬಿರಲಿಲ್ಲ. ನೈಟ್ರೇಟ್ ಫಿಲ್ಮಿನ ತಯಾರಿಕೆ ನಿಂತದ್ದು 1950ರ ದಶಕದ ಆರಂಭದಲ್ಲಿ. ಇಂಥ ಅನಾಹುತಗಳಿಂದಲೇ ಹಲವು ದೇಶಗಳಲ್ಲಿ ಸಿನಿಮಾ ಕಾನೂನು ಬಂತು. ನಮ್ಮಲ್ಲಿ 1918ರಲ್ಲಿ ಬ್ರಿಟಿಷರು ತಂದ ಸಿನಿಮಾಟೋಗ್ರಾಫ್ ಕಾಯ್ದೆಗೆ ಎರಡು ಚಿಂತೆ: ಒಂದು, ತೆರೆಯ ಮೇಲೆ ಏನು ತೋರಿಸುತ್ತಾರೆ, ಇನ್ನೊಂದು, ಚಿತ್ರಮಂದಿರದಲ್ಲಿ ಕುಳಿತವರಿಗೆ ಬೆಂಕಿ ತಗಲದಿರಲಿ. ಪರವಾನಗಿ ಕೊಡುವಾಗ ಪ್ರೇಕ್ಷಕರ ಸುರಕ್ಷತೆಯನ್ನು ನೋಡಬೇಕೆಂದು ವಿಧಿಸಿದರು. ಸರಿಯೇ. ಆದರೆ ಚಿತ್ರ ತಯಾರಾಗುವ ಜಾಗದಲ್ಲಿ ದೀಪ ಹಿಡಿದು ನಿಂತವನ ಮಾತು ಅದರಲ್ಲಿ ಬರಲಿಲ್ಲ. ಟಿಕೇಟು ಕೊಂಡವನಿಗೆ ಕಾನೂನಿತ್ತು, ಕೂಲಿಗೆ ಬಂದವನಿಗೆ ಇರಲಿಲ್ಲ.

ವಿಮೆಯ ಕಥೆ ಬೇರೆ ದಾರಿಯದು. ಲಂಡನ್ನಿನಲ್ಲಿ 17ನೆಯ ಶತಮಾನದ ಕೊನೆಗೆ ಎಡ್ವರ್ಡ್ ಲಾಯ್ಡ್ ಎಂಬಾತನ ಕಾಫಿ ಅಂಗಡಿಯಲ್ಲಿ ಹಡಗುಗಳ ವಿಮೆಗಾಗಿ ವರ್ತಕರು ಸೇರುತ್ತಿದ್ದರು. ಅದೇ ಬೆಳೆದು ಲಾಯ್ಡ್ಸ್ ಎಂಬ ಜಗತ್ಪ್ರಸಿದ್ಧ ಪೇಟೆಯಾಯಿತು. (ನಮ್ಮ ಉಡುಪಿ ಹೋಟೆಲುಗಳಲ್ಲಿ ಅಷ್ಟು ಕಾಫಿ ಖರ್ಚಾದರೂ ಇಂಥದೊಂದು ಏಕೆ ಹುಟ್ಟಲಿಲ್ಲವೋ!) ಹಡಗಿನ ಸರಕಿಗೆ ವಿಮೆ ಕೊಡುವವರಿಗೆ ಚಿತ್ರತಾರೆಯೂ ಒಂದು ಬೆಲೆಬಾಳುವ ಸರಕೇ. ಹಾಲಿವುಡ್ಡಿನಲ್ಲಿ ಕ್ರಮೇಣ ಒಂದು ಪದ್ಧತಿ ನೆಲೆಗೊಂಡಿತು. ಮುಖ್ಯ ನಟನಟಿಯರನ್ನು ಮೊದಲೇ ವೈದ್ಯರು ಪರೀಕ್ಷಿಸುತ್ತಾರೆ. ಅವರು ಕಾಯಿಲೆ ಬಿದ್ದರೆ ಅಥವಾ ತೀರಿಕೊಂಡರೆ ಆಗುವ ನಷ್ಟಕ್ಕೆ ಒಂದು ವಿಮೆ. ಚಿತ್ರೀಕರಿಸಿದ ನೆಗೆಟಿವ್ ಕ್ಯಾಮೆರಾದಿಂದ ಲ್ಯಾಬಿಗೆ ಸುರಕ್ಷಿತವಾಗಿ ಸೇರುವವರೆಗೆ ಒಂದು. ಸೆಟ್ಟು, ಉಡುಪು, ಸಲಕರಣೆಗಳಿಗೆ ಒಂದು. ದಾರಿಹೋಕನಿಗೋ ಪಕ್ಕದ ಮನೆಗೋ ಹಾನಿಯಾದರೆ ಇನ್ನೊಂದು. ಇವೆಲ್ಲದರ ಮೇಲೆ, ಚಿತ್ರ ಹೇಳಿದ ದಿನಕ್ಕೆ ಹೇಳಿದ ವೆಚ್ಚದಲ್ಲಿ ಮುಗಿಯುವುದೆಂದು ಸಾಲ ಕೊಟ್ಟವರಿಗೆ ಹೊಣೆ ನಿಲ್ಲುವ ಸಂಸ್ಥೆ; 1950ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಫಿಲ್ಮ್ ಫೈನಾನ್ಸಸ್ ಈ ಬಗೆಯ ಸಂಸ್ಥೆಗಳಲ್ಲಿ ಹಳೆಯದು.

1961ರಲ್ಲಿ 'ಕ್ಲಿಯೋಪಾತ್ರ' ಚಿತ್ರದ ವೇಳೆ ಎಲಿಜಬೆತ್ ಟೇಲರ್ ಲಂಡನ್ನಿನಲ್ಲಿ ನ್ಯುಮೋನಿಯಾದಿಂದ ಸಾವಿನ ಬಾಗಿಲಿಗೆ ಹೋಗಿ ಬಂದಾಗ ಸೆಟ್ಟುಗಳನ್ನೆಲ್ಲ ಬಿಟ್ಟು ಇಡೀ ಚಿತ್ರ ರೋಮಿಗೆ ಹೋಯಿತು. ವಿಮೆಯವರು ಹಣ ತೆರಬೇಕಾಯಿತು. 1981ರ ನವೆಂಬರ್‌ನಲ್ಲಿ ನಟಿ ನ್ಯಾಟಲಿ ವುಡ್ ನೀರಿನಲ್ಲಿ ಮುಳುಗಿ ಸತ್ತಾಗ ಆಕೆಯ 'ಬ್ರೇನ್‌ಸ್ಟಾರ್ಮ್' ಚಿತ್ರ ಅರ್ಧಕ್ಕೆ ನಿಂತಿತು. ಚಿತ್ರವನ್ನು ಕೈಬಿಟ್ಟು ವಿಮೆಯ ಹಣ ತೆಗೆದುಕೊಳ್ಳೋಣವೆಂದು ನಿರ್ಮಾಣ ಸಂಸ್ಥೆ. ಲಾಯ್ಡ್ಸ್‌ನವರು ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕಿದರು. ಕೈಬಿಡುವುದಕ್ಕಿಂತ ಮುಗಿಸುವುದೇ ಅಗ್ಗವೆಂದು ಕಂಡಿತು. ತಾವೇ ಹಣ ಕೊಟ್ಟು ಮುಗಿಸಿದರು. 1983ರಲ್ಲಿ ಚಿತ್ರ ಬಿಡುಗಡೆಯಾಯಿತು. ಇಲ್ಲಿ ಕರುಣೆಯ ಮಾತಿಲ್ಲ, ಶುದ್ಧ ವ್ಯಾಪಾರ.

ಇದನ್ನು ನಮ್ಮ ಒಂದು ಚಿತ್ರದ ಗತಿಯೊಡನೆ ಹೋಲಿಸಿ ನೋಡಬೇಕು. 'ಮೊಘಲ್-ಎ-ಆಜಮ್' ತೆಗೆದ ಕೆ. ಆಸಿಫ್ 'ಲವ್ ಅಂಡ್ ಗಾಡ್' ಎಂಬ ಲೈಲಾ ಮಜ್ನೂ ಕಥೆಯನ್ನು ಆರಂಭಿಸಿದರು. ಮಜ್ನೂ ಪಾತ್ರಕ್ಕೆ ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್. 1964ರ ಅಕ್ಟೋಬರ್ 10ರಂದು ಗುರುದತ್ ತೀರಿಕೊಂಡರು, ಚಿತ್ರ ನಿಂತಿತು. ವರ್ಷಗಳ ಮೇಲೆ ಸಂಜೀವಕುಮಾರರನ್ನು ಹಾಕಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದರು. 1971ರಲ್ಲಿ ಆಸಿಫರೇ ಹೋದರು. ಅವರ ಪತ್ನಿಯ ಪ್ರಯತ್ನದಿಂದ 1986ರಲ್ಲಿ ಅದು ಹೇಗೋ ತೆರೆಗೆ ಬರುವಷ್ಟರಲ್ಲಿ ಸಂಜೀವಕುಮಾರರೂ ಇರಲಿಲ್ಲ, 1985ರ ನವೆಂಬರ್‌ನಲ್ಲೇ ಕಣ್ಮುಚ್ಚಿದ್ದರು. ನಾಯಕರಿಬ್ಬರೂ ನಿರ್ದೇಶಕರೂ ನೋಡದ ಚಿತ್ರ!

ನಮ್ಮಲ್ಲಿ ವಿಮೆ ಏಕಿರಲಿಲ್ಲ? ವಿಮೆ ಕೇಳುವುದು ಮೊದಲು ಕಾಗದ. ಎಷ್ಟು ಬಂಡವಾಳ, ಯಾರಿಗೆ ಎಷ್ಟು ಸಂಭಾವನೆ, ಎಷ್ಟು ದಿನ ಕೆಲಸ, ಎಲ್ಲಿ, ಯಾರ ಯಾರ ಸಹಿ. ಆಗಿನ ಹಿಂದಿ ಚಿತ್ರರಂಗದಲ್ಲಿ ಕಥೆಯೇ ಸೆಟ್ಟಿನ ಮೇಲೆ ಬರೆಯಲಾಗುತ್ತಿದ್ದಾಗ ಕರಾರು ಪತ್ರದ ಮಾತೆಲ್ಲಿ? ಬ್ಯಾಂಕುಗಳು ಹತ್ತಿರ ಸೇರಿಸುತ್ತಿರಲಿಲ್ಲ, ಲೇವಾದೇವಿಯವರ ಬಡ್ಡಿ ದುಡ್ಡು ಓಡುತ್ತಿತ್ತು. ಸಂಭಾವನೆಯಲ್ಲಿ ಬಿಳಿಯೆಷ್ಟು ಕಪ್ಪೆಷ್ಟು ಎಂಬುದು ದೇವರಿಗೇ ಗೊತ್ತು. ಅರ್ಧ ಲೆಕ್ಕವನ್ನು ಮುಚ್ಚಿಟ್ಟವನು ಪೂರ್ತಿ ನಷ್ಟ ತೋರಿಸಿ ಹಣ ಕೇಳಲಾರ. 1973ರಲ್ಲಿ ಸಾಮಾನ್ಯ ವಿಮೆ ರಾಷ್ಟ್ರೀಕರಣಗೊಂಡು ನಾಲ್ಕು ಸರ್ಕಾರಿ ಕಂಪೆನಿಗಳಾದವು. ಕಾರ್ಖಾನೆ, ಗೋದಾಮು, ಲಾರಿ, ಎಮ್ಮೆ ಎಲ್ಲಕ್ಕೂ ಪಾಲಿಸಿ ಇತ್ತು. ಚಿತ್ರತಯಾರಿಕೆ ಒಂದು ಉದ್ಯಮವೆಂದು ಸರ್ಕಾರ ಘೋಷಿಸಿದ್ದು 1998ರಲ್ಲಿ. ಆ ಮೇಲೆ, 1999ರ ಸುಭಾಷ್ ಘಾಯ್ ಅವರ 'ತಾಲ್' ಚಿತ್ರದಂಥವು ವಿಮೆ ಮಾಡಿಸಿ ಸುದ್ದಿಯಾದವು. ಚಿತ್ರ ವಿಮೆ ಮಾಡಿಸಿತೆಂಬುದೇ ಪತ್ರಿಕೆಗಳಲ್ಲಿ ಸುದ್ದಿಯಾಗುವ ಕಾಲ ಅದು!

ಈ ನಡುವೆ ನಮ್ಮ ಮೈಸೂರು ಉರಿದುಹೋಗಿತ್ತು.

ಭಗವಾನ್ ಗಿದ್ವಾನಿಯವರ ಕಾದಂಬರಿಯನ್ನು ಆಧರಿಸಿ 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಎಂಬ ದೂರದರ್ಶನ ಧಾರಾವಾಹಿಯನ್ನು ನಟ ಸಂಜಯ್ ಖಾನ್ ತೆಗೆಯುತ್ತಿದ್ದರು. ಅವರೂ ಬೆಂಗಳೂರಿನಲ್ಲೇ ಹುಟ್ಟಿದವರು. ಚಿತ್ರೀಕರಣ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ. ಕನ್ನಡ ಚಿತ್ರಗಳು ಫ್ಲೋರಿಗಾಗಿ ಮದರಾಸಿನ ಬಾಗಿಲು ಕಾಯುತ್ತಿದ್ದ ದಿನಗಳನ್ನು ಬಲ್ಲವರಿಗೆ, ನಮ್ಮದೆಂದು ಹೇಳಿಕೊಳ್ಳಲು ಮೈಸೂರಿನಲ್ಲೊಂದು ಸ್ಟುಡಿಯೋ ಇದ್ದದ್ದು ಎಷ್ಟು ದೊಡ್ಡ ವಿಷಯವೆಂದು ಗೊತ್ತು. 1989ರ ಫೆಬ್ರುವರಿ 8ರಂದು ಆ ಸೆಟ್ಟಿಗೆ ಬೆಂಕಿ ಬಿತ್ತು. ಸತ್ತವರು 62 ಮಂದಿ. ಸಂಜಯ್ ಖಾನ್ ಮೈತುಂಬ ಸುಟ್ಟು ಹದಿಮೂರು ತಿಂಗಳು ಆಸ್ಪತ್ರೆಯಲ್ಲಿದ್ದರು. ಎಪ್ಪತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು.

ಕಾರಣಗಳಾಗಿ ಹೊರಬಂದವು ಬಹಳ ಸಾಮಾನ್ಯ ಸಂಗತಿಗಳು. ಸಡಿಲವಾದ ವೈರಿಂಗು. ಗಾಳಿಕಿಂಡಿಗಳಿಲ್ಲ. ಬೆಂಕಿ ಆರಿಸುವ ತಕ್ಕ ಸಲಕರಣೆಯಿಲ್ಲ. ಗೋಣಿತಟ್ಟು, ದೊಡ್ಡ ದೊಡ್ಡ ದೀಪಗಳು, ಅವುಗಳ ಕಾವು. ಸ್ಟುಡಿಯೋದ ಫ್ಲೋರ್ ಎಂಬುದು ಎಂಥ ಕೋಣೆ ಎಂದು ನೋಡದವರಿಗಾಗಿ ಒಂದು ಮಾತು ಹೇಳಬೇಕು. ಹೊರಗಿನ ಸದ್ದು ಒಳಗೆ ಬರಬಾರದು, ಹಗಲಿನ ಬೆಳಕೂ ಬರಬಾರದು, ಆದ್ದರಿಂದ ಕಿಟಕಿಯಿರುವುದಿಲ್ಲ. ಮಾತು ಪ್ರತಿಧ್ವನಿಸಬಾರದೆಂದು ಹಳೆಯ ಸ್ಟುಡಿಯೋಗಳ ಗೋಡೆಗೆ ತಟ್ಟೋ ನಾರೋ ಹೊದಿಸುತ್ತಿದ್ದರು. ಅದರೊಳಗೆ ಕಟ್ಟುವ ಅರಮನೆಯೆಲ್ಲ ಪ್ಲೈವುಡ್ಡು, ಬಟ್ಟೆ, ಬಣ್ಣ, ಅಂಟು. ಮೇಲಿನ ಅಟ್ಟಣೆಯಲ್ಲಿ ಕೆಂಡದಂಥ ದೀಪಗಳು. ಒಳ್ಳೆಯ ಧ್ವನಿಮುದ್ರಣಕ್ಕೆ ಏನೇನು ಬೇಕೋ ಅದೆಲ್ಲವೂ ಬೆಂಕಿಗೂ ಬೇಕಾದದ್ದೇ. ಅರಮನೆಯ ದೃಶ್ಯವೆಂದರೆ ರಾಜ ಒಬ್ಬ, ಉಳಿದವರು ನೂರಾರು. ನಮ್ಮ ರಾಯರು ಆಗ ನಿವೃತ್ತರಾಗಿದ್ದರು. ಸುದ್ದಿ ಓದಿ ಅವರು ಕೇಳಿದ್ದು ಒಂದೇ: "ಎಷ್ಟು ಬಾಗಿಲು ಇತ್ತಂತೆ?"

ವಿಮೆಯವರು ಕರುಣಾಳುಗಳೇನಲ್ಲ, ಮೇಲೆ ಹೇಳಿದ್ದೇವೆ. ಆದರೆ ತಮ್ಮ ದುಡ್ಡು ಉಳಿಸಿಕೊಳ್ಳುವುದಕ್ಕಾದರೂ ಅವರು ಬಾಗಿಲು ಎಣಿಸುತ್ತಾರೆ, ವೈರು ಮುಟ್ಟಿ ನೋಡುತ್ತಾರೆ, ಬೆಂಕಿ ಆರಿಸುವ ಸಿಲಿಂಡರಿನ ತಾರೀಖು ಓದುತ್ತಾರೆ. ಸತ್ತ ಮೇಲೆ ಬರುವ ಹಣಕ್ಕಿಂತ ಈ ಮೊದಲಿನ ಹಾಳು ಪ್ರಶ್ನೆಗಳೇ ದೊಡ್ಡ ಲಾಭವೆಂದು ನಮಗೆ ಅನ್ನಿಸುವುದು ಇದಕ್ಕೇ. ಪ್ರಶ್ನೆ ಕೇಳುವವನೇ ಇಲ್ಲದ ಕಡೆ, "ಇವತ್ತೊಂದು ದಿನ ನಡೆದುಹೋಗಲಿ" ಎಂಬುದೇ ನಿಯಮ.

ಕಾನೂನು ಇರಲಿಲ್ಲವೆಂದಲ್ಲ. ದುಡಿಯುವಾಗ ಗಾಯಗೊಂಡವರಿಗೆ ಮಾಲೀಕ ಪರಿಹಾರ ಕೊಡಬೇಕೆಂಬ ಕಾಯ್ದೆ 1923ರಿಂದಲೂ ಇತ್ತು. ಆದರೆ ಮಾಲೀಕ ಯಾರು? ಹಿಂದೆ ನಿಲ್ಲುವ ಎಕ್ಸ್‌ಟ್ರಾಗಳನ್ನು ಕರೆತರುವವನು ಸಪ್ಲೈಯರ್. ಅವನಿಗೆ ಹೇಳಿದವನು ಪ್ರೊಡಕ್ಷನ್ ಮ್ಯಾನೇಜರ್. ಅವನ ಮೇಲೆ ನಿರ್ಮಾಪಕ. ಜಾಗ ಸ್ಟುಡಿಯೋದವರದು, ದೀಪ ಬಾಡಿಗೆಯವರದು. ದಿನಗೂಲಿ ಸಂಜೆ ಕೈಗೆ ಬರುತ್ತದೆ, ರಸೀದಿ ಬರುವುದಿಲ್ಲ. ಆ ದಿನ ಅವನು ಅಲ್ಲಿದ್ದ ಎಂಬುದಕ್ಕೆ ಸಾಕ್ಷಿ ಬೇಕಾದರೆ ಫಿಲ್ಮಿನಲ್ಲಿ ಹುಡುಕಬೇಕು! 1981ರಲ್ಲಿ ಸಂಸತ್ತು ಚಿತ್ರ ಕಾರ್ಮಿಕರಿಗಾಗಿಯೇ ಕಾಯ್ದೆಗಳನ್ನು ಮಾಡಿತು. ಲಿಖಿತ ಕರಾರಿಲ್ಲದೆ ಕೆಲಸಕ್ಕೆ ಇಟ್ಟುಕೊಳ್ಳಬಾರದೆಂದಿತು, ಕಲ್ಯಾಣ ನಿಧಿಯನ್ನೂ ಏರ್ಪಡಿಸಿತು. ಒಳ್ಳೆಯ ಕೆಲಸವೇ. ಆದರೆ ಕರಾರಿನ ಆ ಕಾಯ್ದೆ ಮಾತನಾಡಿದ್ದು ಪೂರ್ಣಾವಧಿಯ ಕಥಾಚಿತ್ರಗಳ ಬಗ್ಗೆ. ಮೈಸೂರಿನಲ್ಲಿ ಉರಿದದ್ದು ಟಿ.ವಿ. ಧಾರಾವಾಹಿಯ ಸೆಟ್ಟು. ಧಾರಾವಾಹಿಗಳವರನ್ನೂ ಒಳಗೊಳ್ಳುವಂತೆ ಕಾನೂನಿನ ಮಾತು ಹಿಗ್ಗಿದ್ದು 2020ರಲ್ಲಿ ಸಂಸತ್ತು ಒಪ್ಪಿದ ಕಾರ್ಮಿಕ ಸಂಹಿತೆಯಲ್ಲಿ. ನಡುವೆ ಮೂವತ್ತೊಂದು ವರ್ಷ.

ಹೊರದೇಶದಲ್ಲಿ ಎಲ್ಲ ಚೆನ್ನಾಗಿತ್ತೆಂದು ಓದುಗರು ತಿಳಿಯಬಾರದು. ಬಚ್ಚನರಿಗೆ ಪೆಟ್ಟು ಬೀಳುವುದಕ್ಕೆ ಸರಿಯಾಗಿ ಮೂರು ದಿನ ಮೊದಲು, 1982ರ ಜುಲೈ 23ರ ನಡುರಾತ್ರಿ ಕಳೆದ ಮೇಲೆ, ಕ್ಯಾಲಿಫೋರ್ನಿಯಾದಲ್ಲಿ 'ಟ್ವೈಲೈಟ್ ಜೋನ್' ಎಂಬ ಚಿತ್ರದ ಸೆಟ್ಟಿನಲ್ಲಿ ಹೆಲಿಕಾಪ್ಟರ್ ಕೆಳಗೆ ಬಿದ್ದಿತು. ಸಿಡಿಮದ್ದಿನ ಸ್ಫೋಟಕ್ಕೆ ಅದರ ಬಾಲ ಸಿಕ್ಕಿತ್ತು. ಕೆಳಗೆ ಹೊಳೆಯ ನೀರಿನಲ್ಲಿ ಇಬ್ಬರು ಮಕ್ಕಳನ್ನು ಎತ್ತಿಕೊಂಡು ನಡೆಯುತ್ತಿದ್ದ ನಟ ವಿಕ್ ಮಾರೋ, ಆರು ಮತ್ತು ಏಳು ವರ್ಷದ ಆ ಮಕ್ಕಳು, ಮೂವರೂ ಸತ್ತರು. ಮಕ್ಕಳನ್ನು ಅಷ್ಟು ಹೊತ್ತಿನಲ್ಲಿ ದುಡಿಸುವುದು ಅಲ್ಲಿಯ ಕಾನೂನಿಗೆ ವಿರುದ್ಧ. ಪರವಾನಗಿಯಿಲ್ಲದೆ ಗುಟ್ಟಾಗಿ ಕರೆತಂದಿದ್ದರು. ಕಾಗದಪತ್ರದ ದೇಶದಲ್ಲೂ ಕಾಗದದ ಹೊರಗಿನ ಮಕ್ಕಳೇ ಸತ್ತದ್ದು ಗಮನಿಸಬೇಕು. ನಿರ್ದೇಶಕ ಜಾನ್ ಲ್ಯಾಂಡಿಸ್ ಸಹಿತ ಐವರ ಮೇಲೆ ಮೊಕದ್ದಮೆ ನಡೆದು 1987ರಲ್ಲಿ ಐವರೂ ಖುಲಾಸೆಯಾದರು. ಆದರೆ ಆ ಗದ್ದಲದಿಂದ ಅಲ್ಲಿ ಒಂದು ಕೆಲಸವಾಯಿತು: ನಿರ್ಮಾಪಕರೂ ಕಾರ್ಮಿಕ ಸಂಘಗಳೂ ಒಟ್ಟಿಗೆ ಕುಳಿತು ಹೆಲಿಕಾಪ್ಟರು, ಸಿಡಿಮದ್ದು, ನೀರು, ಎತ್ತರ ಇಂಥ ಒಂದೊಂದಕ್ಕೂ ಸುರಕ್ಷತಾ ಸೂಚನೆಗಳನ್ನು ಬರೆದಿಟ್ಟರು.

ಹೆಲಿಕಾಪ್ಟರು, ನೀರು, ಎತ್ತರ ಮೂರೂ ಸೇರಿದ ದೃಶ್ಯ ನಮ್ಮಲ್ಲೂ ಬಂತು. 2016ರ ನವೆಂಬರ್ 7ರಂದು ಬೆಂಗಳೂರಿನ ಪಶ್ಚಿಮಕ್ಕಿರುವ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ 'ಮಾಸ್ತಿಗುಡಿ' ಚಿತ್ರಕ್ಕಾಗಿ ಮೂವರು ನಟರು ಹೆಲಿಕಾಪ್ಟರಿನಿಂದ ನೀರಿಗೆ ಹಾರಿದರು. ನಾಯಕ ವಿಜಯ್ ಬದುಕಿದರು. ಖಳಪಾತ್ರದ ಅನಿಲ್ ಮತ್ತು ಉದಯ್ ಮೇಲೇಳಲಿಲ್ಲ. ತಮಗೆ ಈಜು ಅಷ್ಟಾಗಿ ಬಾರದೆಂದು ಇಬ್ಬರೂ ಹಾರುವ ಮುನ್ನ ಟಿ.ವಿ. ಕ್ಯಾಮೆರಾದ ಎದುರೇ ಹೇಳಿದ್ದರು. ರಕ್ಷಣೆಗೆಂದು ಇಟ್ಟಿದ್ದ ಮೋಟಾರು ದೋಣಿ ಹೊತ್ತಿಗೆ ಸರಿಯಾಗಿ ಒದಗಲಿಲ್ಲ. ಆ ದೃಶ್ಯವನ್ನು ನಾವು ಟಿ.ವಿ.ಯಲ್ಲಿ ಮತ್ತೆ ಮತ್ತೆ ನೋಡಿದೆವು, ನೋಡಬಾರದಿತ್ತು. "ಈಜು ಬರುತ್ತದೆಯೆ?" ಎಂಬುದು ವಿಮೆಯ ಯಾವ ಗುಮಾಸ್ತನಾದರೂ ಕೇಳುವ ಮೊದಲ ಪ್ರಶ್ನೆ. ಇಲ್ಲಿ ಪ್ರಶ್ನೆ ಕೇಳಿದವರು ವರದಿಗಾರರು, ಉತ್ತರ ಎಲ್ಲರಿಗೂ ಕೇಳಿಸಿತು, ಹೆಲಿಕಾಪ್ಟರು ಹಾರಿತು.

2020ರ ಫೆಬ್ರುವರಿಯಲ್ಲಿ ಚೆನ್ನೈ ಬಳಿ 'ಇಂಡಿಯನ್ 2' ಸೆಟ್ಟಿನಲ್ಲಿ ಕ್ರೇನು ಕುಸಿದು ಮೂವರು ತೀರಿಕೊಂಡರು. 2021ರ ಆಗಸ್ಟ್‌ನಲ್ಲಿ ಬಿಡದಿಯ ಹತ್ತಿರ ಕನ್ನಡ ಚಿತ್ರವೊಂದರ ಸಾಹಸ ದೃಶ್ಯದಲ್ಲಿ ವಿದ್ಯುತ್ ತಗುಲಿ ಯುವ ಕಲಾವಿದನೊಬ್ಬ ಸತ್ತ. ಎಣಿಸುತ್ತ ಹೋದರೆ ಮನಸ್ಸು ಕಹಿಯಾಗುತ್ತದೆ. ಇನ್ನೊಂದು ಬಗೆಯ ಅಪಘಾತವನ್ನು ನಾವು ಚಿತ್ರೀಕರಣದ ಲೆಕ್ಕಕ್ಕೇ ಹಿಡಿಯುವುದಿಲ್ಲ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಹತ್ತಿರ ಆನಗೋಡಿನಲ್ಲಿ ಶಂಕರನಾಗ್ ತೀರಿಕೊಂಡದ್ದು 'ಜೋಕುಮಾರಸ್ವಾಮಿ'ಯ ಚಿತ್ರೀಕರಣಕ್ಕೆ ಹೋಗುತ್ತಿದ್ದ ದಾರಿಯಲ್ಲಿ. ಹೊನ್ನಾವರದ ಈ ಹುಡುಗ ಮುಂಬಯಿಯ ಮರಾಠಿ ರಂಗಭೂಮಿಯಲ್ಲಿ ಪಳಗಿದವರು, ಅರ್ಧ ನಮ್ಮೂರಿನವರೇ. ಹಗಲು ಒಂದು ಕಡೆ ಕೆಲಸ, ರಾತ್ರಿಯೆಲ್ಲ ರಸ್ತೆ, ಬೆಳಗಾದರೆ ಇನ್ನೊಂದು ಕಡೆ ಮೇಕಪ್ಪು: ಚಿತ್ರರಂಗದವರ ಈ ದಿನಚರಿಯಲ್ಲಿ ರಸ್ತೆಯೂ ಸೆಟ್ಟಿನ ಒಂದು ಭಾಗವೇ ಅಲ್ಲವೆ?

ಮುಂಬಯಿಯ ಸಾಹಸ ಕಲಾವಿದರಲ್ಲಿ ನಮ್ಮವರು ಮೊದಲಿನಿಂದಲೂ ಇದ್ದಾರೆ. ತುಳುನಾಡಿನಿಂದ ಬಂದ ಎಂ.ಬಿ. ಶೆಟ್ಟಿಯವರು ಬೋಳುತಲೆಯ ಖಳನಾಗಿ, ಹೊಡೆದಾಟದ ನಿರ್ದೇಶಕರಾಗಿ ಮಾಡಿದ ಹೆಸರು ಸಣ್ಣದಲ್ಲ. 'ಕೂಲಿ'ಯ ಅಪಘಾತಕ್ಕೆ ಕೆಲವು ತಿಂಗಳ ಮುಂಚೆ, 1982ರ ಜನವರಿಯಲ್ಲಿ ಅವರು ತೀರಿಕೊಂಡರು. ಅವರ ತಲೆಮಾರಿನವರು ಗಾಜು ಒಡೆದು ಹಾರಿ, ಮೂಳೆ ಮುರಿದುಕೊಂಡು, ಎಣ್ಣೆ ಹಚ್ಚಿಸಿಕೊಂಡು ಮರುವಾರ ಮತ್ತೆ ಹಾರುತ್ತಿದ್ದರು. ತೆರೆಯ ಮೇಲೆ ಬೀಳುವವರು ಇವರು, ಚಪ್ಪಾಳೆ ನಾಯಕನಿಗೆ. 2025ರ ಜುಲೈಯಲ್ಲಿ ತಮಿಳು ಚಿತ್ರವೊಂದರಲ್ಲಿ ಕಾರು ಹಾರಿಸುವಾಗ ಅನುಭವಿ ಸಾಹಸ ಕಲಾವಿದರೊಬ್ಬರು ಪ್ರಾಣ ಕಳೆದುಕೊಂಡರು. ಆಗ ಪತ್ರಿಕೆಗಳಲ್ಲಿ ಬಂದ ಒಂದು ಸುದ್ದಿ: ನಟ ಅಕ್ಷಯ್ ಕುಮಾರ್ ಆರುನೂರಕ್ಕೂ ಹೆಚ್ಚು ಸಾಹಸ ಕಲಾವಿದರಿಗೆ ವಿಮೆಯ ಏರ್ಪಾಡು ಮಾಡಿದ್ದಾರೆ. ಓದಿ ಸಂತೋಷವಾಯಿತು. ಉದ್ಯಮವೆಂದು ಕರೆಸಿಕೊಂಡು ಇಪ್ಪತ್ತೇಳು ವರ್ಷವಾದ ಮೇಲೂ ಇದು ಒಬ್ಬ ನಟನ ಉದಾರತೆಯ ಸುದ್ದಿಯಾಗಿಯೇ ಉಳಿಯಿತಲ್ಲ ಎಂದು ಬೇಸರವೂ ಆಯಿತು.

ಇನ್ನೊಬ್ಬರನ್ನು ಇಷ್ಟೆಲ್ಲ ಆಡಿಕೊಂಡ ಮೇಲೆ ನಮ್ಮ ಮನೆಯ ಮಾತನ್ನೂ ಹೇಳಿಬಿಡುತ್ತೇವೆ. ಕಳೆದ ರಾಜ್ಯೋತ್ಸವದ ನಾಟಕಕ್ಕೆ ನಾವು ಹಿಡಿದ ಸಭಾಗೃಹದ ಅರ್ಜಿಯಲ್ಲಿ ಒಂದು ಕಾಲಮು ಇತ್ತು: ಹೊರಹೋಗುವ ಬಾಗಿಲುಗಳೆಷ್ಟು? ನಮ್ಮ ಕಾರ್ಯದರ್ಶಿಗಳು ಹೋಗಿ ನೋಡದೆಯೇ ಮೂರು ಎಂದು ಬರೆದು ಸಹಿ ಹಾಕಿದ್ದರು. ನಾಟಕದ ಸಂಜೆ ಮೂರನೆಯ ಬಾಗಿಲಿಗೆ ಬೀಗ ಬಿದ್ದಿತ್ತು, ಅದರ ಮುಂದೆ ಮುರಿದ ಕುರ್ಚಿಗಳ ರಾಶಿ, ಮೇಲೆ ನಮ್ಮದೇ ಹಳೆಯ ಸೀನರಿಯ ಪರದೆಗಳು. ಕಾವಲುಗಾರನನ್ನು ಹುಡುಕಿ, ಬೀಗದ ಕೈ ತರಿಸಿ, ಕುರ್ಚಿಗಳನ್ನು ಹೊತ್ತು ಹಾಕುವಷ್ಟರಲ್ಲಿ ಪರದೆ ಏಳುವುದು ಮುಕ್ಕಾಲು ಗಂಟೆ ತಡವಾಯಿತು. ಮುಂದಿನ ಸಾಲಿನ ಹಿರಿಯ ಸದಸ್ಯರು ಗಡಿಯಾರ ನೋಡಿಕೊಂಡು ಗೊಣಗಿದರು. ಡೊಂಬಿವಲಿಯ ಕಡೆಯವರು ಕೊನೆಯ ಅಂಕ ನೋಡದೆ ಗಾಡಿ ಹಿಡಿಯಲು ಓಡಿದರು.